ಗಪ್ಪಿ ಸತ್ತಿದ್ದು ತಳಿಯಿಂದಲೇ ಅಂತ ಹೇಗೆ ಹೇಳ್ತೀರಿ?

ನಮಸ್ಕಾರ,

ತೊಟ್ಟಿಯಲ್ಲಿ ಸಾಕುವ ಬಣ್ಣದ ಗಪ್ಪಿ ಮೀನುಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ವಿಷಯ ಚೆನ್ನಾಗಿದೆ, ಅದಕ್ಕೇ ಬಿಚ್ಚಿ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟೇ. ಅಂಗಡಿಯಿಂದ ತಂದ ಗಪ್ಪಿಗಳು ಚರ್ಮದ ಹುಳು ಹತ್ತಿ ಸತ್ತವು, ಅದೇ ತೊಟ್ಟಿಯ ಹಳೇ ಗಪ್ಪಿಗಳು ಉಳಿದವು, ಹಾಗಾಗಿ ದೋಷ ತಳಿಯದ್ದು. ಇದು ನಿಲ್ಲುವುದಿಲ್ಲ. ಒಮ್ಮೆ ಹುಳು ಹತ್ತಿ ವಾಸಿಯಾದ ಗಪ್ಪಿ ಮುಂದಿನ ಸಲ ಅದನ್ನು ಚೆನ್ನಾಗಿ ತಡೆಯುತ್ತದೆ. ನಿಮ್ಮ ಹಳೇ ಮೀನುಗಳ ಕಥೆ ಅದೇ ಇರಬಹುದು, ಅಲ್ವಾ? ಹೊಸವು ಪ್ಲಾಸ್ಟಿಕ್ ಕವರಿನಲ್ಲಿ ಕುಲುಕಾಡಿ ಸುಸ್ತಾಗಿ ಬಂದಿದ್ದವು. ಯಾವುದು ಕೊಂದಿತು ಅಂತ ಒಂದು ತೊಟ್ಟಿ ನೋಡಿ ಹೇಳಲಾಗದು.

ಇದನ್ನು ಬಿಡಿಸಿ ನೋಡಿದವರಿದ್ದಾರೆ. ಗಪ್ಪಿಯ ತವರಾದ ಟ್ರಿನಿಡಾಡ್‌ನಲ್ಲಿ ಅರಿಪೊ ಎಂಬ ನದಿಯಿದೆ. ಅದರ ಮೇಲ್ಭಾಗದ ಮತ್ತು ಕೆಳಭಾಗದ ಗಪ್ಪಿಗಳಿಗೆ ಸಂಶೋಧಕರು ಗೈರೊಡ್ಯಾಕ್ಟೈಲಸ್ ಎಂಬ ಚರ್ಮದ ಹುಳು ಹತ್ತಿಸಿ, ಅದು ಮೈಮೇಲೆ ಹೇಗೆ ಹೆಚ್ಚುತ್ತದೆಂದು ಎಣಿಸಿದರು. ಮೊದಲು ಹುಳುವನ್ನೇ ಕಾಣದ ಮೀನುಗಳಲ್ಲೂ ಕೆಳಭಾಗದವು ಜಾಸ್ತಿ ತಡೆದವು. 2003ರಲ್ಲಿ ಪ್ರಕಟವಾದ ಕೆಲಸ ಇದು. ತಳಿಯ ಮಾತು ಆಡಬೇಕಾದರೆ ಇಷ್ಟು ಕಟ್ಟುನಿಟ್ಟು ಬೇಕು.

ಹಾಗಂತ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಬಣ್ಣ ಉಳಿಸಲು ಒಡಹುಟ್ಟಿದವುಗಳನ್ನೇ ಕೂಡಿಸುತ್ತಾ ಹೋದರೆ ಜೀನ್‌ಗಳ ವೈವಿಧ್ಯ ಕರಗುತ್ತದೆ. ಹೊರಗಿನ ಜೀವಿಯನ್ನು ಗುರುತು ಹಿಡಿಯುವ ಎಂಎಚ್‌ಸಿ ಜೀನ್‌ಗಳೂ ಅದರಲ್ಲಿ ಸೇರಿವೆ. ಇದನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ‘ಪ್ರಕೃತಿಯೇ ವಿಸ್ಮಯ’ ಅಂತ ಶುರುವಾಗುವ ಮೊದಲ ಪುಟ ಸುಮ್ನೆ ತೆಗೆದುಹಾಕಿ, ಆ ಜಾಗ ಇದಕ್ಕೆ ಕೊಡಿ.

ವಾಸಿಯಾದ ಮೀನಿನ ಮರಿಗಳು ಹುಳು ತಡೆಯುವ ಶಕ್ತಿಯನ್ನು ಹೊತ್ತೇ ಹುಟ್ಟುತ್ತವೆ ಎಂಬ ಮಾತನ್ನು ಹೊಡೆದುಹಾಕಿ. ಹುಳು ಹತ್ತಿದ ಮೇಲೆ ಬಂದ ಶಕ್ತಿಯೇ ಬೇರೆ, ಹುಟ್ಟಿನಿಂದ ಬಂದದ್ದೇ ಬೇರೆ.

ಇನ್ನು, ಹುಳುವನ್ನು ನೀವು ನೋಡೇ ಇಲ್ಲ! ಅರ್ಧ ಮಿಲಿಮೀಟರ್ ಉದ್ದ, ಕೊಕ್ಕೆಯಲ್ಲಿ ಚರ್ಮ ಕಚ್ಚಿ ನಿಲ್ಲುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಹುಟ್ಟುವ ಮರಿಯ ಹೊಟ್ಟೆಯಲ್ಲಿ ಆಗಲೇ ಇನ್ನೊಂದು ಮರಿ ಬೆಳೆಯುತ್ತಿರುತ್ತದೆ. ಓದುಗರು ಇಲ್ಲಿ ನಿಂತು ಓದುತ್ತಾರೆ. ಮೀನು ರೆಕ್ಕೆ ಮಡಚಿಕೊಂಡು ಜಲ್ಲಿಗೆ ಮೈ ಉಜ್ಜುವುದನ್ನು ನೀವು ಬರೆದ ಪ್ಯಾರಾ ಮಾತ್ರ ಮುಟ್ಟಬೇಡಿ, ಇದರ ಪಕ್ಕದಲ್ಲೇ ಇಡಿ.

ಹೊಸ ಮೀನುಗಳನ್ನು ತೊಟ್ಟಿಗೆ ಬಿಡುವ ಮೊದಲು ಎಷ್ಟು ದಿನ ಬೇರೆ ಇಟ್ಟಿದ್ದಿರಿ? ತಿದ್ದಿದ ಪ್ರತಿಯಲ್ಲಿ ಅದನ್ನು ಬರೆಯಿರಿ. ಇಟ್ಟೇ ಇರಲಿಲ್ಲ ಅಂದ್ರೆ ಅದನ್ನೂ ಬರೆಯಿರಿ.

ಸಂಪಾದಕ