ಹಳೆಯ ಬುಲೆಟ್‌ನ ಗೇರ್‌ಬಾಕ್ಸ್ ಸದ್ದು: ಬಿಚ್ಚುವ ಮೊದಲು ಪತ್ತೆ ಮಾಡುವ ಬಗೆ

ಪ್ರಶ್ನೆ: ನನ್ನಲ್ಲಿರುವುದು 1994ರ ಬುಲೆಟ್ 350, ಬಲಗಾಲಿನಲ್ಲಿ ಹಾಕುವ ನಾಲ್ಕು ಗೇರಿನ ಗಾಡಿ. ಕೆಲವು ತಿಂಗಳಿಂದ ಒಂದು, ಎರಡು ಮತ್ತು ಮೂರನೆಯ ಗೇರಿನಲ್ಲಿ ‘ಗುಂಯ್’ ಎನ್ನುವ ಸದ್ದು ಬರುತ್ತಿದೆ. ಘಾಟಿ ಹತ್ತುವಾಗ ಅದು ಜೋರಾಗುತ್ತದೆ, ಟಾಪ್ ಗೇರಿಗೆ ಬಂದ ಕೂಡಲೇ ಬಹುಪಾಲು ಅಡಗುತ್ತದೆ. ಈ ಗೇರ್‌ಬಾಕ್ಸ್ ಮುಗಿಯಿತು, ತೆಗೆದು ಐದು ಗೇರಿನದನ್ನು ಕೂರಿಸೋಣ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಹಾಗೆ ಮಾಡಲೇಬೇಕೇ?
– ಓದುಗರು, ಮೂಡಿಗೆರೆ

ಉತ್ತರ: ಬೇಕಿಲ್ಲ, ಕನಿಷ್ಠ ಈಗಲೇ ಬೇಕಿಲ್ಲ. ಟಾಪ್ ಗೇರಿನಲ್ಲಿ ಸದ್ದು ಅಡಗುತ್ತದೆ ಎಂದು ನೀವು ಬರೆದಿರುವ ಒಂದೇ ಮಾತು ದೋಷ ಎಲ್ಲಿದೆ ಎಂಬುದನ್ನು ಅರ್ಧಕ್ಕರ್ಧ ತಿಳಿಸುತ್ತದೆ. ಗೇರ್‌ಬಾಕ್ಸನ್ನು ಬಿಚ್ಚಿ ಮೇಜಿನ ಮೇಲೆ ಹರಡಿದ ಮೇಲೆ ಈ ಸುಳಿವು ಸಿಗುವುದಿಲ್ಲ. ಗಾಡಿ ಓಡುತ್ತಿರುವಾಗ ಮಾತ್ರ ಸಿಗುತ್ತದೆ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಸದ್ದು ಯಾವ ಗೇರಿನಲ್ಲಿ, ಯಾವ ಭಾರದಲ್ಲಿ, ಕ್ಲಚ್ ಹಿಡಿದಾಗಲೋ ಬಿಟ್ಟಾಗಲೋ ಬರುತ್ತದೆ ಎಂಬುದನ್ನು ಪೂರ್ತಿಯಾಗಿ ಕೇಳಿ ಗುರುತಿಸಿಕೊಳ್ಳಬೇಕು.

ಇದಕ್ಕೆ ಆ ಪೆಟ್ಟಿಗೆಯ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ. 1950ರ ದಶಕದ ಮಧ್ಯದಲ್ಲಿ ಮದ್ರಾಸಿನಲ್ಲಿ ಬುಲೆಟ್ ತಯಾರಿಕೆ ಆರಂಭವಾದ ಕಾಲದ ಈ ನಾಲ್ಕು ಗೇರಿನ ಪೆಟ್ಟಿಗೆ ಇಂಗ್ಲೆಂಡಿನ ಆಲ್ಬಿಯನ್ ಕಂಪನಿಯ ವಿನ್ಯಾಸ. ಅದರ ಮೂಲ ರಚನೆ ದಶಕಗಳ ಕಾಲ ಹೆಚ್ಚು ಬದಲಾಗದೆ ಉಳಿಯಿತು. ಕ್ಲಚ್‌ನಿಂದ ಬರುವ ಶಕ್ತಿಯನ್ನು ಮೇನ್‌ಶಾಫ್ಟ್ ಎಂಬ ಮುಖ್ಯ ದಂಡ ಒಳಕ್ಕೆ ತರುತ್ತದೆ. ಅದರ ಎಡತುದಿಯಲ್ಲಿ, ಅದೇ ಅಕ್ಷದ ಮೇಲೆ, ಟೊಳ್ಳಾದ ಸ್ಲೀವ್ ಗೇರ್ ಇದೆ. ಹಿಂದಿನ ಚೈನನ್ನು ಎಳೆಯುವ ಸ್ಪ್ರಾಕೆಟ್ ಕೂತಿರುವುದು ಈ ಸ್ಲೀವ್ ಗೇರಿನ ಮೇಲೆ. ಮೇನ್‌ಶಾಫ್ಟಿಗೆ ಸಮಾನಾಂತರವಾಗಿ ಲೇಶಾಫ್ಟ್ ಎಂಬ ಎರಡನೆಯ ದಂಡ ಇದೆ. ಒಂದು, ಎರಡು, ಮೂರನೆಯ ಗೇರಿನಲ್ಲಿ ಶಕ್ತಿ ಮೇನ್‌ಶಾಫ್ಟಿನಿಂದ ಲೇಶಾಫ್ಟಿಗೆ ಇಳಿದು, ಅಲ್ಲಿಂದ ಸ್ಲೀವ್ ಗೇರಿಗೆ ಏರಿ, ಆಮೇಲೆ ಸ್ಪ್ರಾಕೆಟ್ ತಲುಪುತ್ತದೆ. ನಾಲ್ಕನೆಯ, ಅಂದರೆ ಟಾಪ್ ಗೇರಿನಲ್ಲಿ ಈ ಸುತ್ತುದಾರಿ ಇಲ್ಲ. ಮೇನ್‌ಶಾಫ್ಟಿನ ಡಾಗ್‌ಗಳು (ಗೇರಿನ ಪಕ್ಕದಲ್ಲಿ ಚಾಚಿದ ದಪ್ಪ ಹಲ್ಲುಗಳು) ಸ್ಲೀವ್ ಗೇರನ್ನು ನೇರವಾಗಿ ಕಚ್ಚುತ್ತವೆ, ಎರಡೂ ಒಂದಾಗಿ ತಿರುಗುತ್ತವೆ, ಲೇಶಾಫ್ಟ್ ಭಾರ ಹೊರದೆ ಸುಮ್ಮನೆ ತಿರುಗುತ್ತಿರುತ್ತದೆ.

ಟಾಪ್ ಗೇರಿನಲ್ಲಿ ಅಡಗಿ ಉಳಿದ ಮೂರರಲ್ಲೂ ಕೇಳುವ ಸದ್ದು ಹೆಚ್ಚಾಗಿ ಲೇಶಾಫ್ಟಿನ ದಾರಿಗೆ ಸೇರಿದ್ದು ಎನ್ನಲು ಇದೇ ಕಾರಣ. ಆ ದಾರಿಯಲ್ಲಿ ಅನುಮಾನಿಸಬೇಕಾದವು ಮೂರು: ಲೇಶಾಫ್ಟಿನ ಎರಡು ತುದಿಯ ಬುಷ್‌ಗಳು (ಶಾಫ್ಟ್ ತಿರುಗಲು ಆಧಾರವಾದ ಕಂಚಿನ ಬಳೆಗಳು), ಲೇಶಾಫ್ಟ್ ಮತ್ತು ಸ್ಲೀವ್ ಗೇರ್ ಸದಾ ಕಚ್ಚಿಕೊಂಡಿರುವ ಹಲ್ಲಿನ ಜೋಡಿ, ಮತ್ತು ಸ್ಲೀವ್ ಗೇರಿನೊಳಗಿನ ಬುಷ್. ಮೂರನೆಯದನ್ನು ಹಲವರು ಮರೆಯುತ್ತಾರೆ. ಕೆಳಗಿನ ಗೇರುಗಳಲ್ಲಿ ಮೇನ್‌ಶಾಫ್ಟ್ ಮತ್ತು ಸ್ಲೀವ್ ಗೇರ್ ಬೇರೆ ಬೇರೆ ವೇಗದಲ್ಲಿ ತಿರುಗುವುದರಿಂದ ಆ ಬುಷ್ ಉಜ್ಜುತ್ತಿರುತ್ತದೆ. ಟಾಪ್ ಗೇರಿನಲ್ಲಿ ಎರಡೂ ಒಟ್ಟಿಗೆ ತಿರುಗುವುದರಿಂದ ಅದಕ್ಕೆ ಕೆಲಸವೇ ಇರುವುದಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಖಾಲಿ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗವನ್ನು ಒಮ್ಮೆ ಎರಡನೆಯ ಗೇರಿನಲ್ಲಿ, ಒಮ್ಮೆ ಮೂರನೆಯ ಗೇರಿನಲ್ಲಿ ಹಿಡಿದು ನೋಡಿ. ಎರಡರಲ್ಲೂ ಸದ್ದಿನ ಶ್ರುತಿ ಒಂದೇ ಆಗಿದ್ದರೆ ದೋಷ ಸ್ಲೀವ್ ಗೇರಿನ ಸದಾ ಕಚ್ಚಿದ ಜೋಡಿಯಲ್ಲಿ ಇರುವ ಸಂಭವ ಹೆಚ್ಚು, ಏಕೆಂದರೆ ಆ ಜೋಡಿಯ ವೇಗ ಹಿಂಚಕ್ರದ ವೇಗವನ್ನೇ ಅನುಸರಿಸುತ್ತದೆ. ಗೇರ್ ಬದಲಾದಂತೆ ಶ್ರುತಿಯೂ ಬದಲಾದರೆ ಆಯಾ ಗೇರಿನ ಹಲ್ಲುಗಳನ್ನೇ ನೋಡಬೇಕು. ಒಂದೇ ಗೇರಿನಲ್ಲಿ ಮಾತ್ರ ಸದ್ದಿದ್ದರೆ ಆ ಗೇರಿನ ಜೋಡಿಯಷ್ಟೇ ಸವೆದಿದೆ ಎಂದು ಹೆಚ್ಚು ಧೈರ್ಯದಿಂದ ಹೇಳಬಹುದು. ಇಲ್ಲಿ ಒಂದು ಎಚ್ಚರಿಕೆ: ಈ ಗೇರುಗಳ ಹಲ್ಲುಗಳು ನೇರವಾಗಿ ಕಡಿದವು, ಓರೆಯಾಗಿ ಕಡಿದವಲ್ಲ, ಅವು ಹೊಸದಿದ್ದಾಗಲೂ ಕೆಳಗಿನ ಗೇರುಗಳಲ್ಲಿ ಸಣ್ಣಗೆ ಗುಂಯ್‌ಗುಟ್ಟುತ್ತವೆ. ಹತ್ತು ವರ್ಷದಿಂದ ಒಂದೇ ಪ್ರಮಾಣದಲ್ಲಿ ಇರುವ ಸದ್ದು ರೋಗವಲ್ಲ. ನಿಮ್ಮದು ಕೆಲವು ತಿಂಗಳಲ್ಲಿ ಬೆಳೆದದ್ದು, ಭಾರ ಹೆಚ್ಚಿದಂತೆ ಹೆಚ್ಚುವಂಥದ್ದು. ಅದಕ್ಕಾಗಿಯೇ ಗಮನ ಬೇಕು.

ಹೀಗಿದ್ದರೂ ಮೊದಲು ಹೊರಗಿನ ಭಾಗಗಳನ್ನು ಪರೀಕ್ಷಿಸಿ ಪಕ್ಕಕ್ಕಿಡಿ. ಗೇರ್‌ಬಾಕ್ಸ್ ಎಂದು ಬಿಚ್ಚಿಸಿದ ಎಷ್ಟೋ ಸದ್ದುಗಳು ಕೊನೆಗೆ ಚೈನಿನಲ್ಲೋ ಹಿಂಚಕ್ರದಲ್ಲೋ ಸಿಗುತ್ತವೆ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿರುವಾಗ ನ್ಯೂಟ್ರಲ್‌ಗೆ ತಂದು ಗಾಡಿಯನ್ನು ತಾನಾಗಿ ಉರುಳಲು ಬಿಡಿ. ಇದನ್ನು ಘಾಟಿಯ ಇಳಿಜಾರಿನಲ್ಲಿ ಖಂಡಿತ ಮಾಡಬಾರದು. ಆಗಲೂ ಸದ್ದು ಮುಂದುವರಿದರೆ ಚೈನ್, ಸ್ಪ್ರಾಕೆಟ್, ಹಿಂಚಕ್ರದ ಬೇರಿಂಗ್ ಅಥವಾ ಸ್ಲೀವ್ ಗೇರನ್ನು ಹೊತ್ತ ದೊಡ್ಡ ಬೇರಿಂಗ್ ಕಾರಣವಾಗಿರಬಹುದು. ಇವುಗಳನ್ನು ಬೇರ್ಪಡಿಸುವುದು ಸುಲಭ. ಗಾಡಿಯನ್ನು ನಡು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಚೈನ್ ಕಳಚಿ, ಚಕ್ರವನ್ನು ಕೈಯಿಂದ ತಿರುಗಿಸಿ; ಆಮೇಲೆ ಮುಂದಿನ ಸ್ಪ್ರಾಕೆಟನ್ನು ಬೇರೆಯಾಗಿ ತಿರುಗಿಸಿ, ಮೇಲೆ ಕೆಳಗೆ ಅಲ್ಲಾಡಿಸಿ. ಗೊರಗೊರ ಎನ್ನುವ ಒರಟುತನ ಎಲ್ಲಿ ಕೈಗೆ ತಾಗುತ್ತದೋ ಅಲ್ಲಿದೆ ದೋಷ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೇ ಬದಲಿಸಬೇಕು. ಹಳೆಯ ಸ್ಪ್ರಾಕೆಟ್ ಮೇಲೆ ಹಾಕಿದ ಹೊಸ ಚೈನ್ ಬೇಗನೆ ಹಾಳಾಗುತ್ತದೆ. ಆಕ್ಸಿಲರೇಟರ್ ಕೊಟ್ಟು ಬಿಟ್ಟಾಗ ‘ಟಕ್’ ಎಂದು ಬಡಿದರೆ ಹಿಂದಿನ ಹಬ್‌ನೊಳಗೆ ಎಳೆತದ ಹೊಡೆತವನ್ನು ತಡೆದುಕೊಳ್ಳುವ ಕುಶ್ ರಬ್ಬರ್‌ಗಳನ್ನು ನೋಡಿ. ಗೇರ್‌ಬಾಕ್ಸನ್ನು ಹಿಡಿದ ಸ್ಟಡ್‌ಗಳ ನಟ್‌ಗಳು ಸಡಿಲವಾಗಿಲ್ಲವೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿಬಿಡಿ.

ಮುಂದಿನ ಕೆಲಸ ಎಣ್ಣೆ. ಗಾಡಿ ಓಡಿಸಿ ಬಂದ ಮೇಲೆ, ಎಣ್ಣೆ ಬಿಸಿಯಾಗಿರುವಾಗಲೇ, ಶುಭ್ರವಾದ ಅಗಲ ಪಾತ್ರೆಗೆ ಇಳಿಸಿ. ಪ್ರಮಾಣ ಕಡಿಮೆಯಿದ್ದರೆ ಸದ್ದಿಗೆ ಅದೇ ಕಾರಣವಾಗಿರಬಹುದು. ಎಣ್ಣೆಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಉಳಿದದ್ದರ ಮೇಲೆ ಅಯಸ್ಕಾಂತ ಆಡಿಸಿ. ಅಂಟಿಕೊಳ್ಳುವುದು ಉಕ್ಕು, ಅಂದರೆ ಹಲ್ಲು, ಡಾಗ್ ಅಥವಾ ಬೇರಿಂಗಿನದು. ಅಂಟದೆ ಹೊಂಬಣ್ಣದಲ್ಲಿ ಹೊಳೆಯುವುದು ಬುಷ್‌ನ ಕಂಚು. ಬೂದಿಯಂಥ ನುಣುಪು ಪುಡಿ ಸ್ವಲ್ಪ ಇದ್ದರೆ ಗಾಬರಿ ಬೇಡ. ಉಗುರಿಗೆ ಸಿಗುವ ಚೂರು ಕಂಡರೆ ಮಾತ್ರ ಗಾಡಿಯನ್ನು ಅಂದೇ ನಿಲ್ಲಿಸಬೇಕು, ಏಕೆಂದರೆ ಆ ಚೂರು ಎರಡು ಹಲ್ಲುಗಳ ನಡುವೆ ಸಿಕ್ಕಿದರೆ ಗೇರ್‌ಬಾಕ್ಸ್ ಓಡುತ್ತಿರುವಾಗಲೇ ಹಿಡಿದುಕೊಂಡು ಹಿಂಚಕ್ರ ನಿಂತುಹೋಗಬಹುದು. ಘಾಟಿ ರಸ್ತೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಇಷ್ಟೆಲ್ಲ ನೋಡಿದ ಮೇಲೂ ಒಳಗಿನ ದೋಷವೇ ಎಂದು ಖಚಿತವಾದರೆ ಪೆಟ್ಟಿಗೆ ಬಿಚ್ಚಲು ಎಂಜಿನ್ ಇಳಿಸಬೇಕಾಗಿಲ್ಲ. ಬಲಗಡೆಯ ಹೊರ ಕವರ್, ಒಳ ಕವರ್ ತೆಗೆದರೆ ಗೇರುಗಳು ಆ ಬದಿಯಿಂದಲೇ ಹೊರಬರುತ್ತವೆ. ಸ್ಲೀವ್ ಗೇರ್ ಮತ್ತು ಅದರ ಬೇರಿಂಗ್ ತೆಗೆಯಬೇಕಾದರೆ ಮಾತ್ರ ಎಡಗಡೆಯ ಪ್ರೈಮರಿ ಕವರ್ (ಎಂಜಿನ್‌ನಿಂದ ಕ್ಲಚ್‌ಗೆ ಶಕ್ತಿ ತರುವ ಪ್ರೈಮರಿ ಚೈನಿನ ಮುಚ್ಚಳ), ಕ್ಲಚ್, ಸ್ಪ್ರಾಕೆಟ್ ಎಲ್ಲವನ್ನೂ ಕಳಚಬೇಕು. ಕೂಲಿ ಹೆಚ್ಚಾಗುವುದು ಅಲ್ಲಿ. ಹಲ್ಲುಗಳ ಮೇಲ್ಮೈಯಲ್ಲಿ ಗುಳಿ ಬಿದ್ದಿದೆಯೇ, ಡಾಗ್‌ಗಳ ಮೂಲೆ ದುಂಡಗಾಗಿದೆಯೇ, ಗೇರ್ ಸರಿಸುವ ಫೋರ್ಕ್ ಬಾಗಿದೆಯೇ ಎಂದು ಒಳ್ಳೆಯ ಬೆಳಕಿನಲ್ಲಿ ನೋಡಿ. ಗೇರ್ ಬದಲಿಸುವುದಾದರೆ ಕಚ್ಚುವ ಎರಡನ್ನೂ ಜೊತೆಯಾಗಿಯೇ ಬದಲಿಸಿ. ಸವೆದ ಹಲ್ಲಿನೊಡನೆ ಹೊಸ ಹಲ್ಲು ಸೇರಿಸಿದರೆ ಮೊದಲಿಗಿಂತ ಹೆಚ್ಚು ಸದ್ದು ಬರುತ್ತದೆ. ಬೇರಿಂಗಿನ ಅಂಚಿನಲ್ಲಿ ಕೊರೆದ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೆ ಬರೆದುಕೊಂಡು ಅದನ್ನೇ, ನಂಬಿಕೆಯ ಅಂಗಡಿಯಿಂದ ಕೊಳ್ಳಿ. ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಹೊರತೆಗೆಯುವ ಅಭ್ಯಾಸ ನಮ್ಮಲ್ಲಿದೆ. ಅದರಿಂದ ಅಲ್ಯೂಮಿನಿಯಂ ಕೇಸಿನ ಗೂಡೇ ಹಿಗ್ಗಿ, ಮುಂದೆ ಯಾವ ಬೇರಿಂಗ್ ಹಾಕಿದರೂ ಅದು ನಿಲ್ಲುವುದಿಲ್ಲ. ಕೇಸನ್ನು ನೀರಹನಿ ಚುರ್ರೆನ್ನುವಷ್ಟು, ಸುಮಾರು 100 ಡಿಗ್ರಿಗೆ, ಒಂದೇ ಸಮನಾಗಿ ಕಾಯಿಸಿದರೆ ಬೇರಿಂಗ್ ಹೆಚ್ಚು ಬಲವಿಲ್ಲದೆ ಬರುತ್ತದೆ. ಹೊಸ ಬುಷ್ ಒತ್ತಿ ಕೂರಿಸಿದಾಗ ಅದರ ಒಳವ್ಯಾಸ ತುಸು ಕುಗ್ಗುತ್ತದೆ, ಆದ್ದರಿಂದ ಲೇತ್ ಕೆಲಸದವರಿಂದ ನಿಮ್ಮ ಶಾಫ್ಟಿನ ಅಳತೆಗೆ ರೀಮರ್ (ರಂಧ್ರವನ್ನು ನಿಖರವಾಗಿ ಕೆರೆಯುವ ಉಪಕರಣ) ಹಾಕಿಸಲೇಬೇಕು.

ಐದು ಗೇರಿನ ಪೆಟ್ಟಿಗೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಕೇಸ್ ಒಡೆದಿದ್ದರೆ, ಅಥವಾ ಹೆಚ್ಚಿನ ಗೇರುಗಳೆಲ್ಲ ಗುಳಿಬಿದ್ದಿದ್ದರೆ ಅದನ್ನು ಯೋಚಿಸಬಹುದು. ಎರಡು ಬುಷ್, ಒಂದು ಬೇರಿಂಗ್ ಸವೆದ ಕಾರಣಕ್ಕೆ, ಸರಿಯಾಗಿ ಜೋಡಿಸಿದರೆ ಇನ್ನೂ ಬಹುಕಾಲ ಬಾಳುವ ಗೇರ್‌ಬಾಕ್ಸನ್ನು ಗುಜರಿಗೆ ಹಾಕುವುದು ನನಗೆ ಒಪ್ಪಿತವಲ್ಲ.

ಪ್ರಶ್ನೆ: ನನ್ನ ನಾಲ್ಕು ಗೇರಿನ ಬುಲೆಟ್ ನ್ಯೂಟ್ರಲ್‌ನಲ್ಲಿ ನಿಂತಾಗ ಗೊರಗೊರ ಎನ್ನುತ್ತದೆ. ಕ್ಲಚ್ ಹಿಡಿದರೆ ಸದ್ದು ನಿಲ್ಲುತ್ತದೆ. ಪ್ರೈಮರಿ ಚೈನ್ ಸಡಿಲವಾಗಿದೆ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಪ್ರೈಮರಿ ಚೈನ್ ಆಗಿರಲಾರದು. ಕ್ಲಚ್ ಹಿಡಿದರೂ ಬಿಟ್ಟರೂ ಎಂಜಿನ್ ಓಡುತ್ತಿರುವಷ್ಟು ಹೊತ್ತು ಆ ಚೈನ್ ಮತ್ತು ಕ್ಲಚ್ ಡ್ರಮ್ ತಿರುಗುತ್ತಲೇ ಇರುತ್ತವೆ. ಸಡಿಲವಾದ ಚೈನಿನ ಸದ್ದು ಕ್ಲಚ್ ಹಿಡಿದಾಗ ನಿಲ್ಲುವುದಿಲ್ಲ. ಕ್ಲಚ್ ಹಿಡಿದಾಗ ನಿಲ್ಲುವುದು ಮೇನ್‌ಶಾಫ್ಟ್. ಆದ್ದರಿಂದ ಮೇನ್‌ಶಾಫ್ಟಿನ ಬಲತುದಿಯ ಬೇರಿಂಗ್ ಅಥವಾ ಸ್ಲೀವ್ ಗೇರಿನೊಳಗಿನ ಬುಷ್ ಮೇಲೆ ಅನುಮಾನ ಪಡಬೇಕು. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಬಲ ಕವರಿನ ಮೇಲೆ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ ಕೇಳಿದರೆ ಸದ್ದು ಯಾವ ತುದಿಯಲ್ಲಿ ಬಲವಾಗಿದೆ ಎಂಬುದು ತಿಳಿಯುತ್ತದೆ. ಪ್ರೈಮರಿ ಕವರ್ ತೆಗೆದು ಮೇನ್‌ಶಾಫ್ಟಿನ ತುದಿಗೆ ಕೂತಿರುವ ಕ್ಲಚ್ ಸೆಂಟರನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಎದ್ದುಕಾಣುವ ಆಟ ಇದ್ದರೆ ಬುಷ್ ಸವೆದಿದೆ. ಬುಷ್ ಸವೆದಾಗ ಗೇರ್ ಎಣ್ಣೆ ಮೇನ್‌ಶಾಫ್ಟಿನ ಉದ್ದಕ್ಕೂ ಜಿನುಗಿ ಪ್ರೈಮರಿ ಕೇಸಿಗೆ ಸೇರುವುದೂ ಉಂಟು. ನಿಮ್ಮ ಗೇರ್‌ಬಾಕ್ಸಿನಲ್ಲಿ ಎಣ್ಣೆ ಇಳಿಯುತ್ತ, ಪ್ರೈಮರಿ ಕೇಸಿನಲ್ಲಿ ಏರುತ್ತ, ಜೊತೆಗೆ ಕ್ಲಚ್ ಜಾರಲು ಆರಂಭಿಸಿದ್ದರೆ ಮೂರಕ್ಕೂ ಕಾರಣ ಈ ಒಂದು ಬುಷ್ ಆಗಿರಬಹುದು.

ಇದಕ್ಕೆ ತದ್ವಿರುದ್ಧವಾಗಿ, ಕ್ಲಚ್ ಹಿಡಿದಾಗಲೇ ಸದ್ದು ಹುಟ್ಟುತ್ತಿದ್ದರೆ ಗೇರ್‌ಬಾಕ್ಸನ್ನು ಮುಟ್ಟದೆ ಕ್ಲಚ್ ಡ್ರಮ್ಮಿನ ಬೇರಿಂಗ್ ಮತ್ತು ಕ್ಲಚ್ ಬಿಡಿಸಲು ಒತ್ತುವ ಸರಳಾದ ಪುಶ್‌ರಾಡ್ ನೋಡಿಸಿ.

ಪ್ರಶ್ನೆ: ಸದ್ದು ಕಡಿಮೆ ಮಾಡಲು ಗೇರ್‌ಬಾಕ್ಸಿಗೆ ಗ್ರೀಸ್ ತುಂಬಿಸಬಹುದೇ? ಬೆಳಿಗ್ಗೆ ಮೊದಲನೆಯ ಗೇರ್ ಹಾಕುವಾಗ ‘ಖಟ್’ ಎಂದು ಬಡಿಯುವುದೂ ಇದೆ.
– ಓದುಗರು, ಪುತ್ತೂರು

ಉತ್ತರ: ಗಟ್ಟಿ ಗ್ರೀಸ್ ಬೇಡ. ಈ ಪೆಟ್ಟಿಗೆಗೆ ಹಿಂದೆ ಮೆದು ಗ್ರೀಸ್ ಮತ್ತು ಎಣ್ಣೆಯ ಮಿಶ್ರಣ ಬಳಸುತ್ತಿದ್ದುದು ನಿಜ. ಸೋರುವಿಕೆ ತಡೆಯಲು ಇಂದಿಗೂ ಕೆಲವರು ಹಾಗೆ ಮಾಡುತ್ತಾರೆ. ಆದರೆ ಗಟ್ಟಿ ಗ್ರೀಸಿನಲ್ಲಿ ಗೇರುಗಳು ತಮ್ಮ ದಾರಿಯನ್ನು ಕೊರೆದುಕೊಂಡು ತಿರುಗುತ್ತವೆ, ಗ್ರೀಸ್ ಮತ್ತೆ ಹರಿದು ಆ ಜಾಗ ತುಂಬುವುದಿಲ್ಲ, ಬುಷ್‌ಗಳು ಒಣಗುತ್ತವೆ. ಸದ್ದು ಕಡಿಮೆಯಾದಂತೆ ತೋರುತ್ತದೆ, ಸವೆತ ಹೆಚ್ಚುತ್ತದೆ. ಇಪಿ-90 ಗೇರ್ ಎಣ್ಣೆ ಹಾಕಿಸಿ. ಡಬ್ಬಿಯ ಮೇಲೆ ಎಣ್ಣೆಯ ದರ್ಜೆ ಜಿಎಲ್-4 ಎಂದಿರಲಿ. ಜಿಎಲ್-5 ದರ್ಜೆಯ ಎಣ್ಣೆಯಲ್ಲಿರುವ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚು ಪ್ರಮಾಣದಲ್ಲಿದ್ದು, ಕಂಚಿನ ಬುಷ್‌ಗಳನ್ನು ತಿನ್ನಬಲ್ಲವು. ಅಂಗಡಿಯವರು ಎರಡೂ ಒಂದೇ ಎಂದರೆ ಒಪ್ಪಬೇಡಿ.

ಬೆಳಗಿನ ಬಡಿತಕ್ಕೆ ಕಾರಣ ಗೇರ್‌ಬಾಕ್ಸ್ ಅಲ್ಲ, ರಾತ್ರಿಯಿಡೀ ಎಣ್ಣೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಕ್ಲಚ್ ಪ್ಲೇಟುಗಳು. ಸ್ಟಾರ್ಟ್ ಮಾಡುವ ಮುನ್ನ ಕ್ಲಚ್ ಹಿಡಿದು ಕಿಕ್ಕರನ್ನು ನಾಲ್ಕೈದು ಸಲ ಒತ್ತಿ. ಪ್ಲೇಟುಗಳು ಬಿಟ್ಟುಕೊಂಡಾಗ ಕಿಕ್ಕರ್ ಹಗುರಾಗಿ ಇಳಿಯುವುದು ಕಾಲಿಗೇ ತಿಳಿಯುತ್ತದೆ. ಎಂಜಿನ್ ಬಿಸಿಯಾದ ಮೇಲೂ ಬಡಿತ ಉಳಿದರೆ ಕ್ಲಚ್ ಕೇಬಲ್ ಮತ್ತು ಪುಶ್‌ರಾಡಿನ ಹೊಂದಾಣಿಕೆ ಮಾಡಿಸಿ, ಆಮೇಲೂ ಹೋಗದಿದ್ದರೆ ಪ್ಲೇಟುಗಳು ಸೊಟ್ಟಗಾಗಿವೆಯೇ ಎಂದು ನೋಡಿಸಿ.