ಇತ್ತೀಚೆಗೆ ನೀವು ಮನೆಯಲ್ಲಿ ಹೆಣೆದು ಮುಗಿಸಿದ ಉಲ್ಲನ್ ಮತ್ತು ಕ್ರೋಶಾ ಕೆಲಸಗಳು ಯಾವುವು?

ಕಡ್ಡಿಯಿಂದ ಇಳಿದದ್ದು ಒಂದು ಜೊತೆ ಕಾಲುಚೀಲ ಮತ್ತು ಒಂದು ತ್ರಿಕೋನದ ಶಾಲು. ಕೊಕ್ಕೆಯಿಂದ ಹೆಣೆಯುವ ಕ್ರೋಶಾದಲ್ಲಿ ಒಂದು ಹೊದಿಕೆ, ಒಂದು ಆನೆ ಬೊಂಬೆ. ಪಾತ್ರೆ ಒರೆಸುವ ಹತ್ತಿ ಚೌಕಗಳೂ ಕೆಲವು ಇವೆ, ಆದರೆ ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಟಿವಿಯ ಮುಂದೆ ಕೈ ಸುಮ್ಮನಿರದಿದ್ದಾಗ ತಾವಾಗಿಯೇ ಹುಟ್ಟಿಕೊಂಡವು. ಚೀಲದಲ್ಲಿ ಒಂದು ಅರೆಬರೆ ಸ್ವೆಟರ್ ಕೂಡ ಇದೆ. ನೀವು ಕೇಳಿರುವುದು ಮುಗಿದವುಗಳ ಬಗ್ಗೆ, ಆದ್ದರಿಂದ ಅದರ ಸುದ್ದಿ ಬೇಡ.

ಈ ನಾಲ್ಕನ್ನೂ ಒಟ್ಟಿಗೆ ಹರಡಿಕೊಂಡು ನೋಡಿದಾಗ ನನಗೆ ಒಂದು ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು. ವಿನ್ಯಾಸ ಯಾವುದೇ ಇರಲಿ, ಕೊನೆಗೆ ನಡೆಯುವುದು ದಾರದ ಮಾತೇ. ಹೊಸಬರು ಮೊದಲು ಚಿತ್ರಕ್ಕೆ ಮನಸೋಲುತ್ತಾರೆ, ಆಮೇಲೆ ಬಣ್ಣ ಹುಡುಕುತ್ತಾರೆ, ದಾರ ಯಾವುದರಿಂದ ಆದದ್ದು ಎಂಬುದನ್ನು ಕಟ್ಟಕಡೆಗೆ ನೋಡುತ್ತಾರೆ, ಎಷ್ಟೋ ಸಲ ನೋಡುವುದೇ ಇಲ್ಲ. ನನ್ನದು ಇದಕ್ಕೆ ತದ್ವಿರುದ್ಧ ಕ್ರಮ. ಉಂಡೆಗೆ ಸುತ್ತಿದ ಚೀಟಿಯನ್ನು ಓದದೆ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ.

ಕಾಲುಚೀಲದಿಂದ ಶುರು ಮಾಡುತ್ತೇನೆ, ಅದರ ಮೇಲೇ ನನಗೆ ಮೋಹ ಹೆಚ್ಚು. ದಾರ ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್. 100 ಗ್ರಾಂ ಉಂಡೆಯಲ್ಲಿ ಸುಮಾರು 400 ಮೀಟರ್. ಬರೀ ಉಣ್ಣೆಯಾದರೆ ಹಿಮ್ಮಡಿ ಬೇಗ ಸವೆದು ತೂತು ಬೀಳುತ್ತದೆ. ಬರೀ ನೈಲಾನ್ ಆದರೆ ಕಾಲು ಬೆವರುತ್ತದೆ. ಇನ್ನು ಹತ್ತಿ ದಾರದಲ್ಲಿ ಕಾಲುಚೀಲ ಹೆಣೆದುಕೊಡಿ ಎಂದು ಯಾರಾದರೂ ಕೇಳಿದರೆ ನಯವಾಗಿ ಬೇಡ ಎನ್ನುತ್ತೇನೆ. ಹತ್ತಿಗೆ ಪುಟಿಯುವ ಗುಣವಿಲ್ಲ. ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿದು, ಮಧ್ಯಾಹ್ನದ ಹೊತ್ತಿಗೆ ಕಣಕಾಲಿನ ಬುಡದಲ್ಲಿ ಮುದುಡಿ ಕೂತಿರುತ್ತದೆ.

2.5 ಮಿಲಿಮೀಟರ್ ಕಡ್ಡಿಯಲ್ಲಿ 64 ಕುಣಿಕೆ ಹಾಕಿದೆ. ನನ್ನ ಕೈಯ ಬಿಗಿಗೆ 10 ಸೆಂಟಿಮೀಟರಿಗೆ 32 ಕುಣಿಕೆ ಬರುತ್ತವೆ, ಅಂದರೆ ಚೀಲದ ಸುತ್ತಳತೆ 20 ಸೆಂಟಿಮೀಟರ್. ಪಾದದ ಸುತ್ತಳತೆ 22. ಈ ಕೊರತೆಯನ್ನು ಬೇಕೆಂದೇ ಇಟ್ಟದ್ದು. ಪಾದಕ್ಕಿಂತ ತುಸು ಚಿಕ್ಕದಾಗಿ, ಹಿಗ್ಗಿ ಕೂತರೆ ಮಾತ್ರ ಕಾಲುಚೀಲ ಜಾರುವುದಿಲ್ಲ.

ಇದರಲ್ಲಿ ನನಗೆ ಅತ್ಯಂತ ಇಷ್ಟದ ಜಾಗ ಹಿಮ್ಮಡಿ. 64ರಲ್ಲಿ ಅರ್ಧ, ಅಂದರೆ 32 ಕುಣಿಕೆಗಳನ್ನು ಮಾತ್ರ ತೆಗೆದುಕೊಂಡು ಹಿಂದಕ್ಕೂ ಮುಂದಕ್ಕೂ 32 ಸಾಲು ಹೆಣೆಯಬೇಕು. ಸೀದಾ ಸಾಲಿನಲ್ಲಿ ಒಂದು ಕುಣಿಕೆಯನ್ನು ಹೆಣೆಯದೆ ಸುಮ್ಮನೆ ಸರಿಸಿ, ಮುಂದಿನದನ್ನು ಹೆಣೆಯುತ್ತಾ ಹೋದರೆ ಹಿಂಬದಿಯಲ್ಲಿ ದಾರ ಅಡ್ಡ ಹಾಯ್ದು ಬಟ್ಟೆ ದಪ್ಪವಾಗುತ್ತದೆ. ಶೂ ಉಜ್ಜುವ ಜಾಗಕ್ಕೆ ಬೇಕಾದದ್ದೂ ಅದೇ. ಆಮೇಲೆ ಬರುವುದು ತಿರುವು. 18 ಹೆಣೆದು, ಮುಂದಿನ ಎರಡನ್ನು ಸೇರಿಸಿ ಒಂದು ಮಾಡಿ, ಇನ್ನೊಂದು ಹೆಣೆದು, ಸಾಲು ಮುಗಿಯುವ ಮೊದಲೇ ಹಿಂತಿರುಗಿಬಿಡಬೇಕು. ಉಲ್ಟಾ ಕಡೆಯಿಂದ ಒಂದನ್ನು ಸರಿಸಿ, ಐದು ಹೆಣೆದು, ಎರಡನ್ನು ಒಂದು ಮಾಡಿ, ಇನ್ನೊಂದು ಹೆಣೆದು ಮತ್ತೆ ಹಿಂತಿರುಗಬೇಕು. ಆ ಐದು ಮುಂದಿನ ಸಾಲಿನಲ್ಲಿ ಆರು, ಅದರ ಮುಂದಿನದರಲ್ಲಿ ಏಳು. ಓದುವಾಗ ಇದಕ್ಕೆ ತಲೆಬುಡ ಕಾಣುವುದಿಲ್ಲ. ಕೈಯಲ್ಲಿ ಮಾಡುವಾಗ ಮಾತ್ರ ಹಿಂತಿರುಗಿದ ಜಾಗದಲ್ಲಿ ಒಂದು ಸಣ್ಣ ಸಂದು ಕಾಣಿಸುತ್ತದೆ. ಆ ಸಂದಿನ ಆಚೀಚೆಯ ಕುಣಿಕೆಗಳನ್ನೇ ಸೇರಿಸಬೇಕು ಎಂಬುದು ಕಣ್ಣಿಗೇ ತಿಳಿಯುತ್ತದೆ, ಎಣಿಸುವ ಗೋಜೇ ಇರುವುದಿಲ್ಲ. 32 ಕುಣಿಕೆಗಳು 18ಕ್ಕೆ ಇಳಿಯುವಷ್ಟರಲ್ಲಿ ಚಪ್ಪಟೆಯಾಗಿದ್ದ ಬಟ್ಟೆ ಬಟ್ಟಲಿನಂತೆ ಗುಳಿ ಬಿದ್ದಿರುತ್ತದೆ. ಕತ್ತರಿಯಿಲ್ಲ, ಹೊಲಿಗೆಯಿಲ್ಲ. ಎಷ್ಟು ಸಲ ಮಾಡಿದರೂ ಇದರ ಬೆರಗು ನನಗೆ ಹೋಗಿಲ್ಲ.

ಉಳಿದದ್ದು ಸಲೀಸು. ಎರಡೂ ಬದಿಯ ಅಂಚಿನಿಂದ ಹದಿನಾರು ಹದಿನಾರು ಕುಣಿಕೆ ಎತ್ತಿಕೊಂಡರೆ, ಹಿಮ್ಮಡಿಯ 18 ಮತ್ತು ಮೊದಲು ಹೆಣೆಯದೆ ಬಿಟ್ಟಿದ್ದ 32 ಸೇರಿ ಒಟ್ಟು 82 ಆಗುತ್ತವೆ. ಸುತ್ತು ಬಿಟ್ಟು ಸುತ್ತಿಗೆ ಎರಡೆರಡು ಕಡಿಮೆ ಮಾಡುತ್ತಾ ಮತ್ತೆ 64ಕ್ಕೆ ಬಂದು, ಬೆರಳಿನವರೆಗೆ ನೇರವಾಗಿ ಹೋಗುವುದು. ಬೆರಳ ತುದಿಯನ್ನು ಸೂಜಿಯಿಂದ ಕುಣಿಕೆಗೆ ಕುಣಿಕೆ ಜೋಡಿಸಿ ಮುಚ್ಚುವ ಕ್ರಮಕ್ಕೆ, ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಯುದ್ಧ ಸಚಿವನಾಗಿದ್ದ ಕಿಚನರನ ಹೆಸರಿದೆ. ಹೊಲಿಗೆಯ ಏಣು ಇಲ್ಲದ ಕಾರಣ ಶೂ ಒಳಗೆ ಬೆರಳಿಗೆ ಏನೂ ಒತ್ತುವುದಿಲ್ಲ. ಒಂದು ಬುದ್ಧಿಮಾತು: ಮೊದಲ ಕಾಲುಚೀಲ ಮುಗಿದ ಸಂಜೆಯೇ ಎರಡನೆಯದಕ್ಕೆ ಕುಣಿಕೆ ಹಾಕಿಬಿಡಿ. ನಾಳೆ ನೋಡೋಣ ಎಂದರೆ ಒಂಟಿ ಕಾಲುಚೀಲ ಡ್ರಾಯರಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತದೆ.

ಶಾಲು ಅಪ್ಪಟ ಉಣ್ಣೆಯದು. ಕುತ್ತಿಗೆಯಿಂದ ಆರಂಭವಾಗಿ ಕೆಳಕ್ಕೆ ಅಗಲವಾಗುತ್ತಾ ಹೋಗುವ ತ್ರಿಕೋನ, ಕೊನೆಯ ಭಾಗ ಎಲೆಯ ವಿನ್ಯಾಸದ ಜಾಲರಿ. ಇಂಥ ಶಾಲಿನಲ್ಲಿ ಜನ ಏಮಾರುವುದು ದಾರದ ಲೆಕ್ಕದಲ್ಲಿ. ಮೊದಮೊದಲು ಸಾಲುಗಳು ಚಿಟಿಕೆ ಹೊಡೆಯುವುದರಲ್ಲಿ ಮುಗಿಯುತ್ತವೆ, ಉಂಡೆ ಕರಗುವುದೇ ಇಲ್ಲ. ಆದರೆ ವಿಸ್ತೀರ್ಣ ಬೆಳೆಯುವುದು ಸಾಲುಗಳ ವರ್ಗಕ್ಕೆ ತಕ್ಕಂತೆ. ನೂರು ಸಾಲಿನ ಶಾಲಾದರೆ ಅರ್ಧ ದಾರ ಖರ್ಚಾಗುವುದು ಸುಮಾರು 71ನೆಯ ಸಾಲಿಗೆ. ಉಳಿದ 29 ಸಾಲುಗಳು ಇನ್ನರ್ಧವನ್ನು ನುಂಗುತ್ತವೆ. ಆದ್ದರಿಂದ ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ನನ್ನ ಹೆಣಿಗೆಯ ಚೀಲದ ಪಕ್ಕದಲ್ಲೇ ಜಾಗ. ಸಾಲಿಗೆ ಮೊದಲು ಉಂಡೆಯನ್ನು ತೂಗಿ, ಸಾಲು ಮುಗಿದ ಮೇಲೆ ಮತ್ತೆ ತೂಗಿದರೆ ಇನ್ನೆಷ್ಟು ಸಾಲು ಹೆಣೆಯಬಹುದು ಎಂಬುದು ತಿಳಿಯುತ್ತದೆ. ಕೊನೆಯ ಅಂಚು ಮುಚ್ಚಲು ಅಂಚಿನ ಉದ್ದದ ಮೂರರಿಂದ ನಾಲ್ಕು ಪಟ್ಟು ದಾರವನ್ನು ಮೀಸಲಿಡಬೇಕು. ನನ್ನ ಶಾಲು ಮುಗಿದಾಗ ಅಂಗೈಯಲ್ಲಿ ಉಳಿದದ್ದು ಮೂರು ಗ್ರಾಂ. ಅದೃಷ್ಟ ಎಂದರು ಮನೆಯವರು. ತಕ್ಕಡಿ ಎಂದೆ ನಾನು.

ಜಾಲರಿ ಹೆಣೆಯುವಾಗ ಆಗಾಗ, ಒಂದು ಸಾಲಿನ ಎಲ್ಲ ಕುಣಿಕೆಗಳೊಳಗೂ ಬೇರೆ ಬಣ್ಣದ ನುಣುಪು ನೂಲನ್ನು ಹಾಯಿಸಿಟ್ಟುಕೊಳ್ಳುತ್ತೇನೆ. ಮುಂದೆ ಎಲ್ಲಾದರೂ ಬಿಚ್ಚಬೇಕಾಗಿ ಬಂದರೆ ಬಿಚ್ಚುವುದು ಆ ನೂಲಿನ ತನಕ ಬಂದು ನಿಲ್ಲುತ್ತದೆ. ಐದು ನಿಮಿಷದ ಕೆಲಸ, ಮಾಡದವರು ಎರಡು ಸಂಜೆ ಅಳುತ್ತಾರೆ.

ಕಡ್ಡಿಯಿಂದ ಇಳಿಸಿದ ಕೂಡಲೇ ಜಾಲರಿಯನ್ನು ಯಾರಿಗೂ ತೋರಿಸಬೇಡಿ. ಆಗ ಅದು ಸುಕ್ಕುಸುಕ್ಕಾಗಿ, ವಿನ್ಯಾಸವೇ ಗೊತ್ತಾಗದಂತೆ ಮುದುರಿಕೊಂಡಿರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಡಬೇಕು, ಉಜ್ಜಬಾರದು, ಹಿಂಡಬಾರದು. ಎತ್ತುವಾಗ ಎರಡೂ ಕೈಯಲ್ಲಿ ತಳ ಹಿಡಿದು ಎತ್ತಿ, ಒಣ ಟವೆಲಿನಲ್ಲಿ ಸುತ್ತಿ, ಅದರ ಮೇಲೆ ಬರಿಗಾಲಿನಲ್ಲಿ ನಿಂತರೆ ನೀರೆಲ್ಲ ಟವೆಲಿಗೆ ಹೋಗುತ್ತದೆ. ಆಮೇಲೆ ಹಾಸಿಗೆಯ ಮೇಲೆ ಹರಡಿ, ಮೇಲಂಚನ್ನು ನೇರವಾಗಿ ಗುಂಡುಸೂಜಿಯಿಂದ ಕಟ್ಟಿಹಾಕಿ, ಕೆಳಗಿನ ಒಂದೊಂದು ತುದಿಯನ್ನೂ ಎಳೆದು ಸೂಜಿ ಚುಚ್ಚುತ್ತಾ ಬರುವುದು. ಎಳೆದಂತೆಲ್ಲ ಒಂದೊಂದು ಕಿಂಡಿಯೂ ತೆರೆದುಕೊಂಡು ಎಲೆಯ ನಡುನರ, ಅದರ ಎರಡು ಬದಿ, ತುದಿಯ ಚೂಪು ಎಲ್ಲವೂ ಕಾಣತೊಡಗುತ್ತವೆ. ಉಣ್ಣೆ ಈ ಮಾತನ್ನು ಕೇಳಲು ಕಾರಣವಿದೆ. ಅದರ ಕೆರಾಟಿನ್ ಪ್ರೋಟೀನಿನಲ್ಲಿರುವ ಹೈಡ್ರೋಜನ್ ಬಂಧಗಳು ನೀರಿನಲ್ಲಿ ಸಡಿಲವಾಗಿ, ಒಣಗುವಾಗ ಹೊಸ ಭಂಗಿಯಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಮುಂದಿನ ಒಗೆತದವರೆಗೆ ಆ ಆಕಾರ ನಿಲ್ಲುತ್ತದೆ.

ನಿಮ್ಮ ಪ್ರಶ್ನೆಯ ವಿವರದಲ್ಲಿ, ಹೆಣೆಯುತ್ತಿರುವ ಸ್ಕಾರ್ಫಿನ ಅಂಚು ಸುರುಳಿ ಸುತ್ತಿಕೊಳ್ಳುತ್ತಿದೆ, ಹೀಗೆ ತೊಳೆದು ಒಣಗಿಸಿದರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದ ಬಟ್ಟೆಯ ಸ್ವಭಾವವೇ ಅದು. ಬದಿಯ ಅಂಚುಗಳು ಹಿಂದಕ್ಕೆ, ಮೇಲಿನ ಕೆಳಗಿನ ಅಂಚುಗಳು ಮುಂದಕ್ಕೆ ಸುತ್ತಿಕೊಳ್ಳುತ್ತವೆ. ತೊಳೆದರೆ ಎರಡು ದಿನ ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ. ಆದರೆ ಅದನ್ನು ಬಿಚ್ಚಬೇಕಾಗಿಯೂ ಇಲ್ಲ. ಬೇಕಾದಷ್ಟು ಉದ್ದ ಹೆಣೆದು, ಉದ್ದನೆಯ ಎರಡು ಅಂಚುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದುಬಿಡಿ. ಕೊಳವೆಯಾಕಾರದ, ಎರಡು ಪದರದ ಬೆಚ್ಚನೆಯ ಸ್ಕಾರ್ಫ್ ಆಗುತ್ತದೆ, ಉಲ್ಟಾ ಕಡೆ ಒಳಗೆ ಅಡಗುತ್ತದೆ. ಮುಂದಿನ ಸಲ ಎರಡು ಬದಿಗೂ ನಾಲ್ಕೈದು ಕುಣಿಕೆಗಳನ್ನು ಎಲ್ಲ ಸಾಲುಗಳಲ್ಲೂ ಸೀದಾ ಹೆಣೆದು ನೋಡಿ, ಸುರುಳಿ ಬಹಳ ಮಟ್ಟಿಗೆ ತಗ್ಗುತ್ತದೆ.

ಇನ್ನು ಕ್ರೋಶಾ. ಹೆಣಿಗೆಗೆ ವಿಲಿಯಂ ಲೀ 1589ರಲ್ಲೇ ಯಂತ್ರ ಕಟ್ಟಿದ. ಕ್ರೋಶಾವನ್ನು ಕೈಯಂತೆಯೇ ಮಾಡುವ ಯಂತ್ರ ಇಂದಿಗೂ ಬಟ್ಟೆಯ ಕಾರ್ಖಾನೆಗಳಲ್ಲಿಲ್ಲ, ಅಲ್ಲಿ ಬರುವುದು ಅದರ ಅನುಕರಣೆ. ಹಾಗಾಗಿ ನಿಜವಾದ ಕ್ರೋಶಾ ಉಡುಪು ಎಲ್ಲಾದರೂ ತೀರ ಅಗ್ಗವಾಗಿ ಕಂಡರೆ, ಅದನ್ನು ಮಾಡಿದ ಕೈಗೆ ಎಷ್ಟು ದಕ್ಕಿರಬಹುದು ಎಂದು ನನಗೆ ಕಸಿವಿಸಿಯಾಗುತ್ತದೆ.

ಹೊದಿಕೆ ಅಕ್ರಿಲಿಕ್ ದಾರದ್ದು, ಮೂರು ಮೂರು ಕಂಬಗಳ, ಅಂದರೆ ಎತ್ತರದ ಹೊಲಿಗೆಗಳ, ಗೊಂಚಲಿನಿಂದಾಗುವ ಹಳೆಯ ಕಾಲದ ಚೌಕಗಳು. ಅಡ್ಡ ಏಳು, ಉದ್ದ ಒಂಬತ್ತು, ಒಟ್ಟು 63. ಒಂದೊಂದಕ್ಕೆ ನಾಲ್ಕು ಬಣ್ಣ, ಒಂದೊಂದು ಬಣ್ಣಕ್ಕೆ ಎರಡು ಬಾಲ, ಅಂದರೆ ಹೊರಗುಳಿದ ದಾರದ ತುದಿ. 504 ಬಾಲಗಳು! ಚೌಕ ಮಾಡುವುದು ಆಟ, ಬಾಲ ಮುಚ್ಚುವುದು ಸಂಸಾರ. ನಾನು ಪ್ರತಿ ಚೌಕ ಮುಗಿದ ಕೂಡಲೇ ಅದರ ಎಂಟು ಬಾಲಗಳನ್ನೂ ಸೂಜಿಯಲ್ಲಿ ಒಳಸೇರಿಸಿದ ಮೇಲೆಯೇ ಮುಂದಿನದನ್ನು ಎತ್ತಿಕೊಂಡದ್ದು. ಒಂದು ದಿಕ್ಕಿಗೆ ಹಾಯಿಸಿ ಕತ್ತರಿಸಿದರೆ ಒಗೆತದಲ್ಲಿ ಹೊರಗೆ ಬರುತ್ತದೆ, ಆದ್ದರಿಂದ ಹೋಗಿ, ಹಿಂತಿರುಗಿ, ಮತ್ತೊಮ್ಮೆ ಹೋಗಬೇಕು. ಅಷ್ಟಕ್ಕೆ ಹದಿನೈದು ಸೆಂಟಿಮೀಟರ್ ಬಾಲವಾದರೂ ಬಿಟ್ಟಿರಬೇಕು. ಬರೀ ಗಂಟು ಹಾಕಿ ಕತ್ತರಿಸಿದ ಹೊದಿಕೆಯನ್ನು ಯಾರಿಗೂ ಕೊಡಬೇಡಿ.

ಮಕ್ಕಳಿರುವ ಮನೆಗೆ ಅಕ್ರಿಲಿಕ್ಕೇ ಸರಿ ಎಂಬುದು ನನ್ನ ಗಟ್ಟಿ ನಿಲುವು, ಉಣ್ಣೆಯ ಭಕ್ತರು ಮೂಗು ಮುರಿದರೂ ಚಿಂತೆಯಿಲ್ಲ. ಯಂತ್ರದಲ್ಲಿ ಒಗೆಯಬಹುದು, ಕುಗ್ಗುವುದಿಲ್ಲ, ನುಸಿ ಮುಟ್ಟುವುದಿಲ್ಲ. ಆದರೆ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಅದರ ಹತ್ತಿರ ತರಬಾರದು. ಬಿಸಿ ಹೆಚ್ಚು ತಾಗಿದ ಅಕ್ರಿಲಿಕ್ ಜೋತುಬಿದ್ದು ಹೊಳಪು ಬಂದು, ಮತ್ತೆಂದೂ ಪುಟಿಯುವುದಿಲ್ಲ.

ಕೊನೆಯದು ಆನೆ, ಹತ್ತಿ ದಾರದ್ದು. ಕಾಲುಚೀಲಕ್ಕೆ ಶತ್ರುವಾದ ಹತ್ತಿಯ ಜಡತನವೇ ಬೊಂಬೆಗೆ ಗುಣ: ಬಿಗಿಯಾಗಿ ಹೆಣೆದರೆ ಹಿಗ್ಗುವುದಿಲ್ಲ, ಒಳಗೆ ತುಂಬಿದ ಅರಳೆ ಸಂದುಗಳಲ್ಲಿ ಇಣುಕುವುದಿಲ್ಲ. ಚೀಟಿ ಹೇಳುವುದಕ್ಕಿಂತ ಒಂದು ಮಿಲಿಮೀಟರ್ ಸಣ್ಣ ಕೊಕ್ಕೆ ಹಿಡಿದರೆ ಬಟ್ಟೆ ಇನ್ನೂ ಬಿಗಿ. ತಲೆ ಆರು ಹೊಲಿಗೆಯ ಸುತ್ತಿನಿಂದ ಆರಂಭ. ಮುಂದೆ 12, 18, 24, 30, 36. ಪ್ರತಿ ಸುತ್ತಿಗೆ ಆರೇ ಏಕೆ ಎಂದು ಕೇಳುವವರಿಗೆ ಉತ್ತರ ವೃತ್ತದಲ್ಲಿದೆ. ಕ್ರೋಶಾದ ಗಿಡ್ಡ ಹೊಲಿಗೆಯ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ. ಒಂದು ಸುತ್ತು ಹೊರಗೆ ಹೋದರೆ ತ್ರಿಜ್ಯ ಒಂದು ಹೊಲಿಗೆಯಷ್ಟು ಹೆಚ್ಚುತ್ತದೆ, ಪರಿಧಿ ಅದರ 6.28 ಪಟ್ಟು. ಆರಕ್ಕಿಂತ ತೀರ ಕಡಿಮೆ ಸೇರಿಸಿದರೆ ಬಟ್ಟೆ ಒಳಕ್ಕೆ ಬಾಗುತ್ತದೆ, ಹೆಚ್ಚು ಸೇರಿಸಿದರೆ ಅಂಚು ನೆರಿಗೆ ಕಟ್ಟುತ್ತದೆ. ಆ ನೆರಿಗೆಯನ್ನೇ ಹಿಡಿದು ಡೈನಾ ಟೈಮಿನಾ ಎಂಬ ಗಣಿತಜ್ಞೆ 1997ರಲ್ಲಿ ಹೈಪರ್ಬೋಲಿಕ್ ಜ್ಯಾಮಿತಿಯ (ಹೀಗೆ ನೆರಿಗೆಗಟ್ಟಿ ಹರಡುವ ಮೇಲ್ಮೈಗಳ ಗಣಿತದ) ಮಾದರಿಗಳನ್ನು ಕ್ರೋಶಾದಲ್ಲಿ ಮಾಡಿ, ವಿದ್ಯಾರ್ಥಿಗಳ ಕೈಗೆ ಕೊಡಬಹುದಾದ ವಸ್ತುವಾಗಿಸಿದರು.

ಆನೆಯ ಕಣ್ಣುಗಳನ್ನು ಕಪ್ಪು ನೂಲಿನಿಂದ ಕಸೂತಿ ಮಾಡಿದ್ದೇನೆ. ಪ್ಲಾಸ್ಟಿಕ್ ಕಣ್ಣು ನೋಡಲು ಚೆನ್ನ, ಆದರೆ ಮೂರು ವರ್ಷದೊಳಗಿನ ಮಗುವಿನ ಕೈಗೆ ಅದು ಬೇಡ. ಕಿತ್ತು ಬಂದರೆ ಗಂಟಲಿಗೆ ಹೋಗುತ್ತದೆ. ಸೊಂಡಿಲಿಗೆ ಅರಳೆಯನ್ನು ಕೊಂಚ ಕಡಿಮೆ ತುಂಬಿದೆ. ಗಿಡಿದು ತುಂಬಿದರೆ ಅದು ಕೋಲಾಗಿ ನಿಲ್ಲುತ್ತದೆ, ಮಗು ಹಿಡಿದು ಎಳೆದಾಡಲು ಆಗುವುದಿಲ್ಲ.

ಕಾಲುಚೀಲ ನನಗೇ ಉಳಿಯಿತು, ಮಿಕ್ಕವು ಬೇರೆಯವರ ಪಾಲಾದವು. ಕೊಡುವಾಗ ಒಂದು ಚೀಟಿ ಬರೆದು ಪಿನ್ ಮಾಡುತ್ತೇನೆ: ದಾರ ಯಾವುದು, ಹೇಗೆ ಒಗೆಯುವುದು, ಹೇಗೆ ಒಣಗಿಸುವುದು. ಶಾಲಿನ ಚೀಟಿಯಲ್ಲಿ "ಯಂತ್ರ ಬೇಡ, ಬಿಸಿನೀರು ಬೇಡ, ನೇತುಹಾಕಬೇಡಿ" ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಉಣ್ಣೆಯ ಎಳೆಯ ಮೇಲಿನ ಪೊರೆಗಳು ಬಿಸಿನೀರಿನ ತಿಕ್ಕಾಟದಲ್ಲಿ ಒಂದಕ್ಕೊಂದು ಸಿಕ್ಕಿಕೊಂಡರೆ ಬಟ್ಟೆ ಕುಗ್ಗಿ ಕಂಬಳಿಯಾಗುತ್ತದೆ, ಅದನ್ನು ಮತ್ತೆ ಬಿಡಿಸುವ ಉಪಾಯ ಯಾರ ಬಳಿಯೂ ಇಲ್ಲ. ಆನೆಯ ಚೀಟಿಯಲ್ಲಿ ಬರೆಯಲು ಹೆಚ್ಚೇನೂ ಇರಲಿಲ್ಲ: ಕೊಳೆಯಾದರೆ ಒಗೆಯಿರಿ, ಒಳಗಿನ ಅರಳೆಯೂ ಪೂರ್ತಿ ಒಣಗುವ ತನಕ ಬಿಸಿಲಿಗಿಡಿ.