ಪುಣೆಯ ರೂಬಿ ಹಾಲ್ ಆಸ್ಪತ್ರೆ ಯಾರದ್ದು? ಬಡವರಿಗೆ ಅಲ್ಲಿ ಏನಾದರೂ ರಿಯಾಯಿತಿ ಇದೆಯಾ?

ಖಾಸಗಿ ಆಸ್ಪತ್ರೆಯೇ, ಆದರೆ ಟ್ರಸ್ಟ್‌ನದ್ದು. ಹೃದ್ರೋಗ ತಜ್ಞ ಡಾ. ಕೆ.ಬಿ. ಗ್ರಾಂಟ್ 1959ರಲ್ಲಿ ಶುರು ಮಾಡಿದರು. ಈಗ ಗ್ರಾಂಟ್ ಮೆಡಿಕಲ್ ಫೌಂಡೇಶನ್ ನಡೆಸುತ್ತದೆ. ಹೃದಯ, ಕ್ಯಾನ್ಸರ್, ಮೆದುಳು, ಕಿಡ್ನಿ ಎಲ್ಲಕ್ಕೂ ವಿಭಾಗಗಳಿವೆ. ಇರುವುದು ಸಸೂನ್ ರಸ್ತೆಯಲ್ಲಿ. ಕಲಬುರಗಿ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವವರಿಗೆ ಸ್ಟೇಷನ್ನಿನಿಂದ ಹತ್ತಿರವೇ.

ಇನ್ನು ದುಡ್ಡಿನ ಮಾತು. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇದೇ. ಮಹಾರಾಷ್ಟ್ರದಲ್ಲಿ ಇಂಥ ಧರ್ಮಾದಾಯ ಟ್ರಸ್ಟ್ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆ ಕಡುಬಡವರಿಗೆ ಉಚಿತವಾಗಿ, ಇನ್ನೂ ಶೇ. 10ರಷ್ಟು ಕಡಿಮೆ ಆದಾಯದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. ಬಾಂಬೆ ಹೈಕೋರ್ಟ್ ಆದೇಶದಂತೆ 2006ರಲ್ಲಿ ಬಂದ ಯೋಜನೆ ಇದು. ಉಳಿದ ರೋಗಿಗಳ ಬಿಲ್ಲಿನ ಮೊತ್ತದಿಂದ ಶೇ. 2ರಷ್ಟು ತೆಗೆದು ಬಡ ರೋಗಿಗಳ ನಿಧಿಗೆ ಹಾಕುತ್ತಾರೆ.

ಆದರೆ ಕೌಂಟರಿನಲ್ಲಿ ಯಾರಾದರೂ ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ, ಅದು ಎಲ್ಲ ಕಡೆ ಹಾಗೇ ಅಲ್ವಾ! ಅಡ್ಮಿಟ್ ಆಗುವಾಗಲೇ ಸಮಾಜ ಸೇವಕರ ವಿಭಾಗ ಹುಡುಕಿ. ರೇಷನ್ ಕಾರ್ಡ್, ತಹಶೀಲ್ದಾರರ ಆದಾಯ ಪತ್ರ ಕೈಯಲ್ಲಿರಲಿ. ಕಾರ್ಡು ಕರ್ನಾಟಕದ್ದಾದರೆ ನಡೆಯುತ್ತಾ ಅಂತ ಫೋನ್ ಮಾಡಿ ಮೊದಲೇ ಕೇಳಿ. ಸುಮ್ನೆ ಅಷ್ಟು ದೂರ ಬಂದು ಪರದಾಡಬೇಡಿ.